ಜಾಕೆಟ್ಟಿನ ಹೊಟ್ಟೆ

ನನಗೊಂದು ಕೆಟ್ಟ ಚಟವಿದೆ. ಬಟ್ಟೆ ಅಂಗಡಿಯಲ್ಲಿ ಹೊಸ ಅಂಗಿಯೋ ಕೋಟೋ ಕೈಗೆ ಬಂದರೆ ನಾನು ಮೊದಲು ಬೆಲೆ ನೋಡುವುದಿಲ್ಲ, ಅಳತೆ ನೋಡುವುದಿಲ್ಲ. ಅದನ್ನು ಮಗುಚಿ ಬೆನ್ನಿನ ನಟ್ಟನಡುವೆ ಹೆಬ್ಬೆರಳಿನಿಂದ ಒತ್ತುತ್ತೇನೆ, ಒಳಗೆ ಏನಾದರೂ ಗಟ್ಟಿ ಸಿಗುತ್ತದೆಯೇ ಎಂದು. ಸಿಗುವುದಿಲ್ಲ. ಸಿಗದಿದ್ದಾಗ ಸಮಾಧಾನವಾಗುತ್ತದೋ ಬೇಸರವಾಗುತ್ತದೋ ನನಗೇ ತಿಳಿಯದು. ಹೋದ ತಿಂಗಳು ಬಳ್ಳಾರಿ ಬಸ್ಸಿನಲ್ಲಿ ಮುಂದಿನ ಸೀಟಿನವರ ಸ್ವೆಟರಿಗೇ ಕೈ ಹೋಗಿಬಿಟ್ಟಿತು. ಅವರು ತಿರುಗಿ ನೋಡಿದರು. ತಪ್ಪಾಯಿತು ಎನ್ನುವ ಬದಲು ನಾನು, ಹುಳ ಕೂತಿತ್ತು ಎಂದೆ. ಪಾಪ, ಅವರು ಇಳಿಯುವವರೆಗೂ ಬೆನ್ನು ಕೊಡವಿಕೊಳ್ಳುತ್ತಲೇ ಇದ್ದರು.

ಈ ಚಟ ಶುರುವಾದದ್ದು ಒಂದು ಬೆಳಗ್ಗೆ. ಆ ಬೆಳಗಿನ ಕತೆಯನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ, ಒಂದೊಂದು ಸಲ ಒಂದೊಂದು ರೀತಿ. ಆ ದಿನ ಜೊತೆಗಿದ್ದ ನನ್ನ ಗೆಳತಿ ರತ್ನಕ್ಕ ಎದುರಿಗಿದ್ದರಂತೂ ನಡುನಡುವೆ ತಡೆಯುತ್ತಾಳೆ. ಅವಳು ತಡೆದ ಕಡೆಗಳನ್ನೆಲ್ಲ ತೆಗೆದರೆ ಕತೆ ಸಣ್ಣದಾಗುತ್ತದೆ. ಇಟ್ಟುಕೊಂಡರೆ ನಾನು ದೊಡ್ಡವಳಾಗುತ್ತೇನೆ. ಆದ್ದರಿಂದ ನೀವು ಅರ್ಧ ನಂಬಿದರೆ ಸಾಕು. ಇಸ್ತ್ರಿ ಹಾಕಿಸಿಕೊಂಡು ಮಡಚಿಟ್ಟ ನೆನಪು ಕಂಡರೆ ನನಗೇ ಅನುಮಾನ.

ಮೊದಲು ನಾನು ಯಾರೆಂದು ಹೇಳಿಬಿಡುತ್ತೇನೆ. ರಾಯದುರ್ಗದಲ್ಲಿ ಎಲ್ಲರೂ ಅದನ್ನೇ ಮೊದಲು ಕೇಳುತ್ತಿದ್ದರು. ನಾವು ಸಿದ್ದಿಗಳು, ಹಳಿಯಾಳದ ಕಡೆಯವರು. ನಮ್ಮ ಹಿರಿಯರನ್ನು ಯಾವುದೋ ಕಾಲದಲ್ಲಿ ಆಫ್ರಿಕದಿಂದ ಹಡಗಿನಲ್ಲಿ ತಂದರಂತೆ. ಆ ಹಡಗನ್ನು ನಮ್ಮ ಮನೆಯಲ್ಲಿ ಯಾರೂ ನೋಡಿಲ್ಲ. ನಾನು ನೋಡಿದ್ದು ಅಪ್ಪನ ಲಾರಿ. ಅಪ್ಪ ಲಾರಿಯಲ್ಲಿ ಹುಬ್ಬಳ್ಳಿಯಿಂದ ಬಳ್ಳಾರಿಗೆ, ಬಳ್ಳಾರಿಯಿಂದ ಗಡಿಯಾಚೆ ತೆಲುಗು ಸೀಮೆಯ ರಾಯದುರ್ಗಕ್ಕೆ ಬಟ್ಟೆಯ ಥಾನು ತರುತ್ತಿದ್ದ. ಜೀನ್ಸಿನ ಕೆಲಸಕ್ಕೆ ಸುತ್ತಲ ಹಳ್ಳಿಗಳೆಲ್ಲ ರಾಯದುರ್ಗಕ್ಕೆ ಬಂದು ಸೇರುತ್ತಿದ್ದ ವರ್ಷಗಳು ಅವು. ಒಬ್ಬ ಮಾಲೀಕರು ಇಲ್ಲೇ ಇರು ಎಂದರಂತೆ. ಅಪ್ಪ ನನ್ನನ್ನೂ ಅವ್ವನನ್ನೂ ಲಾರಿಯ ಮುಂದೆ ಕೂರಿಸಿಕೊಂಡು ಬಂದುಬಿಟ್ಟ. ಆಗ ನನಗೆ ಐದು ವರ್ಷವೋ ಆರೋ. ದಾರಿಯುದ್ದಕ್ಕೂ ನಿದ್ದೆ ಮಾಡಿದೆ ಎಂದು ಅವ್ವ ಹೇಳುತ್ತಾಳೆ. ದಾರಿಯೆಲ್ಲ ನೆನಪಿದೆ ಎಂದು ನಾನು ಹೇಳುತ್ತೇನೆ.

ಊರಿನವರು ಕೆಟ್ಟವರಲ್ಲ. ನನ್ನ ಬಣ್ಣವನ್ನೂ ಸುರುಳಿ ಕೂದಲನ್ನೂ ನೋಡಿ ಅವರಿಗೆ ಕುತೂಹಲ ತಡೆಯುತ್ತಿರಲಿಲ್ಲ, ಅಷ್ಟೇ. ಮೀದಿ ಏ ದೇಶಮಮ್ಮಾ, ಯಾವ ದೇಶದವಳಮ್ಮಾ ನೀನು, ಎಂದು ತೆಲುಗಿನಲ್ಲಿ ಕೇಳುವರು. ಕನ್ನಡದವರು ಹಿಂದಿಯಲ್ಲಿ ಕೇಳುವರು. ರಾಯದುರ್ಗಾರೀ ಎಂದು ನಾನು ಎಳೆದು ಹೇಳಿದರೆ, ಕನ್ನಡ ಚೆಂದ ಕಲ್ತೀಯಲ್ಲ ಎಂದು ಮೆಚ್ಚುವರು.

ನಾಲ್ಕನೇ ಇಯತ್ತೆಯಲ್ಲಿದ್ದಾಗ ಶಾಲೆಯಲ್ಲಿ ಛದ್ಮವೇಷದ ಸ್ಪರ್ಧೆ. ಅವ್ವ ಅಪ್ಪನ ಹಳೇ ಪಂಚೆ ಹರಿದು ನನಗೆ ನರ್ಸಿನ ಅಂಗಿ ಹೊಲಿದಳು. ತಲೆಗೆ ಬಿಳಿ ಟೊಪ್ಪಿಗೆ. ಕೈಯಲ್ಲಿ ಸೂಜಿಯಿಲ್ಲದ ಸಿರಿಂಜು. ವೇದಿಕೆಯ ಮೇಲೆ ನಿಂತು, ಸೂಜಿಗೆ ಹೆದರಬೇಡಿ ಮಕ್ಕಳೇ, ಎಂದು ಕಂಠಪಾಠ ಒಪ್ಪಿಸಿ ಇಳಿದೆ. ಮೊದಲ ಬಹುಮಾನ ಬಂತು. ತೀರ್ಪುಗಾರರು ಮೈಕಿನಲ್ಲಿ ಹೇಳಿದ್ದು, ಆಫ್ರಿಕದ ಹುಡುಗಿಯ ವೇಷಕ್ಕೆ ಎಂದು. ಹಾಕಿದ ವೇಷ ಬಿಟ್ಟು ಹಾಕದ ವೇಷಕ್ಕೆ ಬಹುಮಾನ ಗೆದ್ದವರು ಆ ತಾಲ್ಲೂಕಿನಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಾರರು. ಕೊಟ್ಟ ಸ್ಟೀಲಿನ ಡಬ್ಬಿಯಲ್ಲಿ ಹತ್ತನೇ ಇಯತ್ತೆಯವರೆಗೂ ಚಿತ್ರಾನ್ನ ತಿಂದೆ. ಸಿಟ್ಟು ಇದ್ದಿದ್ದರೆ ತಿನ್ನುತ್ತಿದ್ದೆನೇ? ಸಿಟ್ಟು ಬಂದದ್ದು ಆಮೇಲೆ, ನಿಧಾನವಾಗಿ, ಬೇರೆ ಬೇರೆ ಕಾರಣಕ್ಕೆ. ಈಗ ಎಲ್ಲವನ್ನೂ ಆ ಡಬ್ಬಿಗೆ ತುಂಬಲು ನೋಡುತ್ತೇನೆ, ಹಿಡಿಸುವುದಿಲ್ಲ.

ಹದಿನೆಂಟಕ್ಕೆ ನಾನೂ ಜೀನ್ಸ್ ಕೆಲಸಕ್ಕೆ ಸೇರಿದೆ, ಬಟ್ಟೆ ಕತ್ತರಿಸುವ ವಿಭಾಗಕ್ಕೆ. ನಮ್ಮ ಊರಿನಲ್ಲಿ ಆಗ ಯಾರ ಮನೆಯ ಸಾರಿನಲ್ಲೂ ಒಂದು ನೀಲಿ ಎಳೆ ತೇಲುತ್ತಿತ್ತು. ಅವ್ವ ಮನೆಯಲ್ಲೇ ಕೂತು ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುವ ಕೆಲಸ ಮಾಡುತ್ತಿದ್ದಳು. ಹೊಲಿದದ್ದೆಲ್ಲ ಆಮೇಲೆ ಒಗೆಯುವ ಘಟಕಕ್ಕೆ ಹೋಗುತ್ತಿತ್ತು. ಅಲ್ಲಿ ಗಾಢ ಬಣ್ಣದ ಬಟ್ಟೆಯನ್ನು ಕಲ್ಲು ಹಾಕಿ, ಔಷಧ ಹಾಕಿ, ತಿಕ್ಕಿ ತಿಕ್ಕಿ ಬಿಳಿಚಿಸುವರು. ಬಿಳಿಚಿಕೊಂಡಷ್ಟೂ ಬೆಲೆ ಹೆಚ್ಚು. ಅದನ್ನು ನೋಡಿ ನಾನು ಏನೇನೋ ಅರ್ಥ ಹಚ್ಚಿಕೊಂಡೆ. ಆ ವಯಸ್ಸಿನಲ್ಲಿ ಅರ್ಥ ಪುಕ್ಕಟೆ ಸಿಗುತ್ತದೆ.

ಒಂದು ದಿನ ಮಿಷನ್ ಒರೆಸುವ ಚಿಂದಿಯ ಮೂಟೆಯಲ್ಲಿ ಹೊರದೇಶಕ್ಕೆ ಹೋಗಬೇಕಿದ್ದ ಒಂದು ಬನಿಯನ್ ಸಿಕ್ಕಿತು. ಅಚ್ಚು ಕೆಟ್ಟು ತಿರಸ್ಕಾರವಾದದ್ದು. ಅದರ ಮೇಲೊಬ್ಬ ಹುಡುಗಿಯ ಚಿತ್ರ. ನನ್ನಷ್ಟೇ ಕಪ್ಪು. ಬೋಳಿಸಿದ ತಲೆ, ಮೈಮೇಲೆ ಕರೀ ಜಾಕೆಟ್ಟು, ಹೆಗಲ ತುಂಬ ಲೋಹದ ಮೊಳೆ. ಹಾಡುವವಳಿರಬೇಕು, ಕೈಯಲ್ಲಿ ಮೈಕಿತ್ತು. ಯಾರೋ ಯಾವ ದೇಶದವಳೋ, ಅಕ್ಷರ ಅಳಿಸಿಹೋಗಿತ್ತು. ಅಲ್ಲಿಯವರೆಗೆ ನಮ್ಮಂಥವರ ಚಿತ್ರ ಎಲ್ಲಿ ಕಂಡರೂ ಕುಣಿಯುತ್ತಿರುವರು, ಇಲ್ಲವೇ ಹಸಿದಿರುವರು. ಇವಳು ಕುಣಿಯುತ್ತಿರಲಿಲ್ಲ, ಹಲ್ಲೂ ಬಿಟ್ಟಿರಲಿಲ್ಲ. ಯಾರ ಮೇಲೋ ಮುನಿಸಿಕೊಂಡು ನಿಂತಿದ್ದಳು. ಹೀಗೂ ನಿಲ್ಲಬಹುದು ಎಂಬುದು ನನಗೆ ಹೊಸ ಸುದ್ದಿ.

ಮರುದಿನ ತಲೆ ಬೋಳಿಸಿಕೊಂಡೆ. ಊರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಮುಡಿ ಕೊಟ್ಟು ಬಂದ್ಯೇನವ್ವ ಎಂದು ಕೈ ಚಾಚಿ ಪ್ರಸಾದ ಕೇಳಿದರು. ಮೊದಲ ವಾರ ತಿರುಪತಿ ಎಂದೆ, ಮುಂದಿನ ಸಲ ಬೋಳಿಸಿದಾಗ ಕದಿರಿ ಎಂದೆ. ವರ್ಷ ಕಳೆಯುವಷ್ಟರಲ್ಲಿ ನಮ್ಮ ಓಣಿಯಲ್ಲಿ ನನ್ನಷ್ಟು ಭಕ್ತೆ ಇನ್ನೊಬ್ಬಳಿಲ್ಲ ಎಂದಾಯಿತು. ದೊಡ್ಡ ದಂಗೆ ಎದ್ದೆನೆಂದುಕೊಂಡಿದ್ದೆ, ಸಕ್ಕರೆ ಪೊಟ್ಟಣ ಹಂಚಬೇಕಾಯಿತು.

ಜಾಕೆಟ್ಟಿಗೆ ಕರೀ ಬಟ್ಟೆ ಬೇಕಲ್ಲ. ಕತ್ತರಿಸಿ ಉಳಿದ ತುಂಡುಗಳಲ್ಲಿ ಕರಿಯವನ್ನೇ ಆರಿಸಿ ಮನೆಗೆ ತಂದೆ. ಅವನ್ನು ಒಂದಕ್ಕೊಂದು ಕೂಡಿಸುವುದು ಹೇಗೆಂದು ಅವ್ವನಿಗೆ ಗೊತ್ತಿತ್ತು. ನಮ್ಮ ಕಡೆಯ ಹೆಂಗಸರು ಹಳೇ ಸೀರೆ, ಅಂಗಿ, ಚಿಂದಿ ಕೂಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಬರಬೇಕು, ಕಡೆಗೆ ನಡುವೆ ಅಂಗೈಯಗಲ ಬಾಯಿ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದನ್ನು ಮುಚ್ಚುವ ಮೊದಲು ಒಂದು ಚೂರು ರೊಟ್ಟಿಯೋ ನಾಲ್ಕು ಅಕ್ಕಿಕಾಳೋ ಒಳಗಿಟ್ಟು ಹೊಲಿಯಬೇಕು. ಅವ್ವ ಬೆನ್ನಿನ ಭಾಗವನ್ನು ಕೌದಿಯ ಹಾಗೆ ಕೈಯಲ್ಲಿ ಹೊಲಿದಳು, ಉಳಿದದ್ದನ್ನು ನಾನು ಮಿಷನ್ನಿನಲ್ಲಿ. ಹೆಗಲಿಗೆ ಜೀನ್ಸಿನ ತಾಮ್ರದ ರಿವಿಟ್ಟು ಸಾಲಾಗಿ ಬಡಿದೆ. ಅದನ್ನು ಹಾಕಿಕೊಂಡು ರಾಯದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಬೀದಿ ಸುತ್ತಿದೆ. ಯಾರ ಮೇಲೋ ಮುನಿಸಿಕೊಂಡವಳಂತೆ ಕಾಣಬೇಕೆಂದು ಆಸೆ. ಜ್ವರ ಬಂದವಳಂತೆ ಕಂಡಿರಬೇಕು. ಬೆನ್ನ ಮೇಲೆ ಬೆವರಿನ ಉಪ್ಪು ಬಿಳಿ ನಕ್ಷೆ ಬರೆದಿತ್ತು.

ರತ್ನಕ್ಕ ಸಿಕ್ಕಿದ್ದು ಅದೇ ವರ್ಷ. ಮಡಕಶಿರಾ ತಾಲ್ಲೂಕಿನ ಅಗಳಿ ಹತ್ತಿರದ ಊರಿನವಳು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆ ಹುಳ. ಹುಳಕ್ಕೆ ಸೊಪ್ಪು ಹಾಕಿ ಸಾಕಾಗಿ ಹೊಲಿಗೆ ಕಲಿತು ನಮ್ಮ ಊರಿಗೆ ಬಂದವಳು. ನನ್ನ ಜಾಕೆಟ್ಟನ್ನು ಮುಟ್ಟಿ, ಒಳಗೆ ಹೊರಗೆ ತಿರುಗಿಸಿ ಅವಳು ಹೇಳಿದ್ದು ಒಂದೇ ಮಾತು: "ಕಾಲರು ಸೊಟ್ಟಗೈತೆ ಕಣೇ." ನನ್ನ ಬಣ್ಣದ ಬಗ್ಗೆ, ತಲೆಯ ಬಗ್ಗೆ ಏನೂ ಕೇಳಲಿಲ್ಲ. ಅಷ್ಟಕ್ಕೇ ನಾನು ಅವಳಿಗೆ ಅಂಟಿಕೊಂಡೆ.

ಇಬ್ಬರೂ ಸೇರಿ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಖೋಲಿ ಹಿಡಿದು ಅಂಗಡಿ ತೆರೆದೆವು. ಹೆಸರು 'ಕಪ್ಪು' ಎಂದು ನಾನೇ ಇಟ್ಟೆ. ಕರೀ ಹಲಗೆಯ ಮೇಲೆ ಕರೀ ಅಕ್ಷರ ಬರೆಯಬೇಕೆಂದು ಪೇಂಟರನಿಗೆ ಹೇಳಿದೆ. ಓದೋದು ಹೆಂಗ್ರಿ ಎಂದು ಅವನು ಮೂರು ಸಲ ಕೇಳಿದ. ಬೇಕಾದವರು ಹತ್ತಿರ ಬಂದು ಓದಲಿ ಎಂದೆ. ಯಾರೂ ಬರಲಿಲ್ಲ. ಬೋರ್ಡು ಬರೆಸುವುದು ಇನ್ನೂ ಬಾಕಿಯಿದೆ ಎಂದುಕೊಂಡು ಹೋಗುತ್ತಿದ್ದರು. ತಿಂಗಳಾದ ಮೇಲೆ ರತ್ನಕ್ಕ ನನಗೆ ಹೇಳದೆ ಕೆಳಗೆ ಬಿಳಿ ಬಣ್ಣದಲ್ಲಿ, ಇಲ್ಲಿ ಜಿಪ್ ಹಾಕಿಕೊಡಲಾಗುವುದು, ಎಂದು ಕನ್ನಡದಲ್ಲೂ ತೆಲುಗಿನಲ್ಲೂ ಬರೆಸಿದಳು. ಎರಡು ವರ್ಷ ನಾವು ಬದುಕಿದ್ದು ಆ ಬಿಳಿ ಸಾಲಿನಿಂದ. ಊರಿನ ಕೆಟ್ಟ ಜಿಪ್ಪುಗಳಿಗೆಲ್ಲ ನನ್ನ ನಮಸ್ಕಾರ. ಜಾಕೆಟ್ಟುಗಳು ಮಾತ್ರ ಗೂಟಕ್ಕೆ ತೂಗಿಕೊಂಡೇ ಇದ್ದವು. ಕರೀ ಬಟ್ಟೆ ಹಾಕಿಕೊಂಡು ಯಾರ ಮನೆಗೆ ಹೋಗಬಹುದು, ಯಾವ ಶುಭಕ್ಕೆ ಆಗುತ್ತದೆ?

ಹಾಗಿರುವಾಗ ಬೆಂಗಳೂರಿನ ಒಬ್ಬ ಅಂಗಡಿ ಮಾಲೀಕರು, ನಮ್ಮಲ್ಲಿ ಮಾರಿಹೋಗಿದ್ದ ಒಂದೇ ಜಾಕೆಟ್ಟನ್ನು ಯಾರೋ ಕಾಲೇಜು ಹುಡುಗ ಹಾಕಿದ್ದನ್ನು ಕಂಡು, ಫೋನ್ ಮಾಡಿದರು. ನಲವತ್ತು ಬೇಕು ಎಂದರು. ಸರಕು ಅವರಿಗೆ ಒಪ್ಪಿಗೆಯಾದರೆ ಎರಡು ತಿಂಗಳಿಗೊಮ್ಮೆ ನಲವತ್ತು. ಅಂದರೆ ಅಂಗಡಿ ಉಳಿಯುತ್ತದೆ, ಜಾಕೆಟ್ಟಿನ ಅಂಗಡಿಯಾಗಿಯೇ ಉಳಿಯುತ್ತದೆ. ಇಲ್ಲದಿದ್ದರೆ ರತ್ನಕ್ಕ ಊರಿಗೆ ಹೊರಡುವವಳಿದ್ದಳು, ನಾನು ಮತ್ತೆ ಕತ್ತರಿಯ ವಿಭಾಗಕ್ಕೆ.

ಎರಡು ತಿಂಗಳು ಮೂವರೂ ಹೊಲಿದೆವು. ಅವ್ವ ನಲವತ್ತು ಬೆನ್ನು ಹೊಲಿದಳು. ಮೊದಲನೆಯ ದಿನವೇ ನಾನು ಕಡ್ಡಿ ಮುರಿದಂತೆ ಹೇಳಿದ್ದೆ, ಹೊಟ್ಟೆಯಲ್ಲಿ ಏನೂ ಇಡಕೂಡದು, ಇದು ಮನೆಯ ಕೌದಿಯಲ್ಲ ಎಂದು. ಅವ್ವ ಸೂಜಿ ನಿಲ್ಲಿಸಿದಳು.

"ಹೊಟ್ಟ್ಯಾಗ ಏನೂ ಇಲ್ಲದ ಹಂಗ ಕಳಸ್ತೀಯೇನ? ನೋಡಿದೋರು ಏನಂದಾರು?"

"ಯಾರು ನೋಡ್ತಾರವ್ವ, ಒಳಗಿರತೈತಿ."

"ನಾ ನೋಡ್ತೀನಲ್ಲ."

ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಒಪ್ಪಿದಳು ಎಂದುಕೊಂಡೆ. ಇಷ್ಟು ವರ್ಷ ಜೊತೆಗಿದ್ದು, ಅವಳ ಸುಮ್ಮನಿರುವಿಕೆಯನ್ನು ಒಪ್ಪಿಗೆ ಎಂದು ತಿಳಿದ ನನ್ನ ಜಾಣತನಕ್ಕೆ ಏನನ್ನಬೇಕು?

ಸರಕು ಒಪ್ಪಿಸುವ ದಿನ ಮಾಲೀಕರು ಹನ್ನೊಂದಕ್ಕೆ ಬರುತ್ತೇನೆಂದಿದ್ದರು. ಒಂಬತ್ತಕ್ಕೆ ನಾವು ಖೋಲಿ ಗುಡಿಸಿ, ಮೂಟೆ ಬಿಚ್ಚಿ ಜಾಕೆಟ್ಟುಗಳನ್ನು ಒಂದೊಂದಾಗಿ ತೆಗೆದು ಹರವತೊಡಗಿದೆವು. ಮೂರನೆಯದನ್ನು ರತ್ನಕ್ಕ ಎತ್ತಿ ಹಿಡಿದಾಗ ಅದರ ಬೆನ್ನಿನ ನಡುವಿನಿಂದ ಬಾಗಿಲ ಬೆಳಕು ಕಂಡಿತು. ಕತ್ತರಿಸಿದಂತೆ ದುಂಡಗಿನ ತೂತು. ಅಂಚಿನಲ್ಲಿ ಮಾತ್ರ ಹಲ್ಲಿನ ಗುರುತು. ಒಂದೊಂದನ್ನೂ ಮಗುಚಿದೆವು. ಐದನೆಯದು, ಎಂಟನೆಯದು, ಒಂಬತ್ತನೆಯದು. ತೋಳು ಮುಟ್ಟಿಲ್ಲ, ಕಾಲರು ಮುಟ್ಟಿಲ್ಲ, ಎಲ್ಲ ಹೊಟ್ಟೆಯಲ್ಲೇ. ನಲವತ್ತರಲ್ಲಿ ಹನ್ನೊಂದು.

ನಾನು ಇನ್ನೂ ಚೆನ್ನಾಗಿದ್ದ ಒಂದನ್ನು ಎತ್ತಿಕೊಂಡು ಬೆನ್ನು ಒತ್ತಿ ನೋಡಿದೆ. ಹೆಬ್ಬೆರಳಿಗೆ ಸಣ್ಣಗೆ, ಗಟ್ಟಿಯಾಗಿ ಏನೋ ಸಿಕ್ಕಿತು. ಇನ್ನೊಂದನ್ನು ಒತ್ತಿದೆ. ಅದರಲ್ಲೂ.

ಅವ್ವ ಮೂಲೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಬರುವವರಿಗೆ ಊಟಕ್ಕೆಂದು. ನಾನು ಏನು ಕೇಳಿದೆನೋ ನೆನಪಿಲ್ಲ. ನೀನು ಕೇಳಲೇ ಇಲ್ಲ, ತೂತಿನ ಜಾಕೆಟ್ಟನ್ನು ಅವಳ ಕಡೆ ಹಿಡಿದೆ ಅಷ್ಟೇ, ಎಂದು ರತ್ನಕ್ಕ ಹೇಳುತ್ತಾಳೆ. ಅವ್ವ ಅದನ್ನು ನೋಡಿದಳು. "ನಾಕ ನಾಕ ಕಾಳ ಇಟ್ಟೀನಿ," ಎಂದಳು. "ಅಕ್ಕಿ. ರೊಟ್ಟಿ ಇಟ್ಟಿಲ್ಲ." ರೊಟ್ಟಿ ಇಡದೆ ಇದ್ದದ್ದೇ ನನ್ನ ಮಾತಿಗೆ ಕೊಟ್ಟ ಮರ್ಯಾದೆ ಎಂಬಂತೆ.

ಕೂಗಾಡಲು ಹೊತ್ತಿರಲಿಲ್ಲ. ರತ್ನಕ್ಕ ಕರೀ ತುಂಡು ಹುಡುಕಿದಳು, ಅವ್ವ ರೊಟ್ಟಿ ಬಿಟ್ಟು ಕೈ ತೊಳೆದು ಸೂಜಿ ಹಿಡಿದಳು. ಎರಡಕ್ಕೆ ತೇಪೆ ಹಾಕುವಷ್ಟರಲ್ಲಿ ಹೊರಗೆ ಕಾರು ನಿಂತಿತು. ಗಂಟೆ ಹತ್ತೂ ಆಗಿರಲಿಲ್ಲ.

ಮಾಲೀಕರು ನಗುಮುಖದ ಮನುಷ್ಯ, ಹೊಸ ಬೂಟು. ಹಿಂದೆ ಒಬ್ಬ ಫೋಟೊಗ್ರಾಫರ್, ಅವನ ಕೈಯಲ್ಲಿ ಕ್ಯಾಮೆರಾ ಮತ್ತು ಒಂದು ದೊಡ್ಡ ಚೀಲ. ನಾನು ಮುಚ್ಚಿಡಲಿಲ್ಲ. ಧೈರ್ಯದಿಂದಲ್ಲ, ಅವರು ಕಾಲಿಟ್ಟದ್ದೇ ತೂತಿನ ರಾಶಿಯ ಮುಂದೆ. ಇಲಿ ಕಡಿದಿದೆ, ಹನ್ನೊಂದು ಹಾಳಾಗಿವೆ ಎಂದೆ. ಅವರು ಒಂದನ್ನು ಎತ್ತಿ ತೂತಿನಲ್ಲಿ ಬೆರಳಾಡಿಸಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ.

"ಪರವಾಗಿಲ್ಲ ಮೇಡಂ, ಹರಿದಿದ್ರೆ ಇನ್ನೂ ಒರಿಜಿನಲ್ಲಾಗಿ ಕಾಣ್ಸುತ್ತೆ," ಎಂದರು. "ನಲವತ್ತೂ ತಗೋತೀನಿ. ನನಗೆ ಮುಖ್ಯ ಫೋಟೊ."

ಚೀಲದಿಂದ ಹೊರಬಂದದ್ದು ಎರಡು ಲಂಗ. ಒಣಹುಲ್ಲಿನಂತೆ ಕಾಣುವ ಪ್ಲಾಸ್ಟಿಕ್ ದಾರದವು. ಗರಿಗಳ ಎರಡು ತಲೆಪಟ್ಟಿ. ಕವಡೆ ಸರ. ಮುಖಕ್ಕೆ ಬಳಿಯಲು ಬಿಳಿ ಬಣ್ಣದ ಡಬ್ಬಿ. ನಾನೂ ಅವ್ವನೂ ಇವನ್ನು ಹಾಕಿಕೊಂಡು, ಮೇಲೆ ಜಾಕೆಟ್ಟು ತೊಟ್ಟು, ನಿಮ್ಮವರ ಕುಣಿತ ಇದೆಯಲ್ಲ ಅದನ್ನು ಎರಡು ಹೆಜ್ಜೆ ಕುಣಿದರೆ ಸಾಕು. ಒಂದೊಂದು ಜಾಕೆಟ್ಟಿಗೂ ಆ ಫೋಟೊದ ಚೀಟಿ ನೇತುಹಾಕುತ್ತಾರೆ. ಚೀಟಿಯ ಮೇಲೆ, ಆಫ್ರಿಕದ ಕಾಡಿನಿಂದ, ಎಂದಿರುತ್ತದೆ. ನಮ್ಮ ಹೆಸರು ಇರುತ್ತದೆಯೇ ಎಂದು ಕೇಳಿದೆ. ಜಾಗ ಇರಲ್ಲ ಎಂದರು.

ಇಲ್ಲಿ ನಾನು ಸಾಮಾನ್ಯವಾಗಿ ಒಂದು ಭಾಷಣ ಮಾಡುತ್ತೇನೆ. ಕೇಳಿದವರಿಗೆಲ್ಲ ಮಾಡಿದ್ದೇನೆ. ನಾನು ತಲೆ ಎತ್ತಿ, ಸಾರ್, ನಾವು ಯಾವ ಕಾಡಿನಿಂದಲೂ ಬಂದವರಲ್ಲ, ಎಂದು ಶುರುವಾಗುತ್ತದೆ. ಬಹಳ ಚೆನ್ನಾಗಿದೆ. ಆದರೆ ಅಂಥದ್ದೇನೂ ನಡೆಯಲಿಲ್ಲ. ನಡೆದದ್ದು ಇದು: ನಾನು ಹನ್ನೊಂದು ತೂತುಗಳ ಕಡೆ ನೋಡಿದೆ, ರತ್ನಕ್ಕನ ಕಡೆ ನೋಡಿದೆ, ಗೋಡೆಗೆ ಒರಗಿಸಿದ್ದ ಅವಳ ಮಿಷನ್ನಿನ ಕಡೆ ನೋಡಿದೆ. ಆಮೇಲೆ ಲಂಗ ತೆಗೆದುಕೊಂಡು ಪ್ಯಾಂಟಿನ ಮೇಲೆಯೇ ಸುತ್ತಿ ಕಟ್ಟಿಕೊಂಡೆ. ಬೋಳುತಲೆ, ಜಾಕೆಟ್ಟು, ರಿವಿಟ್ಟು, ಮುನಿಸು, ಎಲ್ಲದರ ಕೆಳಗೆ ಪ್ಲಾಸ್ಟಿಕ್ ಹುಲ್ಲು. ನಡೆದರೆ ಸರಸರ ಸದ್ದು. ಫೋಟೊಗ್ರಾಫರ್ ನೆಲ ನೋಡುತ್ತಿದ್ದ.

ಅವ್ವ ತಲೆಪಟ್ಟಿಯನ್ನು ಕೈಗೆ ತೆಗೆದುಕೊಂಡಳು. ತಪ್ಪು ತನ್ನದೆಂದು ಅವಳೂ ಹಾಕಿಕೊಂಡುಬಿಡುತ್ತಾಳೆ ಎಂದು ಹೆದರಿದೆ. ಅವಳು ಅದನ್ನು ಬೆಳಕಿಗೆ ಹಿಡಿದು, ದರ್ಜಿಯ ಕಣ್ಣಿನಿಂದ ನೋಡಿ, ಒಂದು ಗರಿ ಎಳೆದಳು. ಕೈಗೇ ಬಂತು. ಅಂಟು ಹಾಕ್ಯಾರ, ಹೊಲಿದಿಲ್ಲ, ಎಂದು ಕೆಳಗಿಟ್ಟಳು. ಆಮೇಲೆ ಮಾಲೀಕರಿಗೆ ಹೇಳಿದಳು:

"ಕುಣಿತೀನ್ರಿ. ಮೊದಲ ಉಣ್ಣ ಬರ್ರಿ."

"ಟೈಮಿಲ್ಲ ಅಮ್ಮ, ಬಿಸಿಲು ಏರಿಬಿಡುತ್ತೆ, ಫೋಟೊ ಚೆನ್ನಾಗ್ ಬರಲ್ಲ."

"ಬಿಸಲು ನಾಳೆ ಮತ್ತ ಬರ್ತೈತ್ರಿ. ನಮ್ಮ ಅಂಗಳದಾಗ ಉಂಡೋರ ಮುಂದ ನಾವು ಕುಣಿಯೋದು. ಉಣ್ಣದೋರ ಮುಂದ ಹೆಂಗ್ರಿ ಕುಣಿಯೋದು?"

ಇದು ನಮ್ಮ ಕಡೆಯ ಪದ್ಧತಿಯೋ, ಅವ್ವ ಆ ಕ್ಷಣಕ್ಕೆ ಹುಟ್ಟಿಸಿದ್ದೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳಿದರೆ ನಗುತ್ತಾಳೆ. ನಮ್ಮ ಕಡೆ ಮದುವೆಯಲ್ಲಿ ಅವಳು ಕುಣಿಯುವುದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಅದರಲ್ಲಿ ಅವಳಿಗೆ ನಾಚಿಕೆಯೇನೂ ಇರಲಿಲ್ಲ. ನಾಚಿಕೆ ಇದ್ದದ್ದು ನನಗೆ. ಆದರೆ ಲಂಗ ಕಟ್ಟಿಕೊಂಡು ನಿಂತಿದ್ದವಳೂ ನಾನೇ.

ಮಾಲೀಕರು ಗಡಿಯಾರ ನೋಡಿದರು. ತಟ್ಟೆಯ ಕಡೆ ನೋಡಿದರು, ಖೋಲಿಯ ನೆಲ ನೋಡಿದರು. ಹೊರಗಿನ ಊಟ ತಮಗೆ ಆಗುವುದಿಲ್ಲ ಎಂದರು. ಅವ್ವ ಸರಿ ಎಂಬಂತೆ ತಲೆಯಾಡಿಸಿ ಮತ್ತೆ ತೇಪೆಗೆ ಕೂತಳು. ಆಗ ಫೋಟೊಗ್ರಾಫರ್ ಕ್ಯಾಮೆರಾವನ್ನು ಗೂಟಕ್ಕೆ ತೂಗುಹಾಕಿ, ಬೆಳಗ್ಗೆ ಚಿತ್ರದುರ್ಗದಲ್ಲಿ ಚಹಾ ಕುಡಿದದ್ದು ಎಂದು ಮೆಲ್ಲಗೆ ಹೇಳಿ, ಕೈ ತೊಳೆದು ಕೂತುಬಿಟ್ಟ. ಮೂರು ರೊಟ್ಟಿ ತಿಂದ, ಬದನೆಕಾಯಿ ಪಲ್ಯ ಎರಡು ಸಲ ಹಾಕಿಸಿಕೊಂಡ. ಹೊರಗೆ ಮಾಲೀಕರು ಹಾರ್ನು ಹೊಡೆಯುತ್ತಿದ್ದರು.

ಅವನು ನಾಲ್ಕನೆಯದಕ್ಕೆ ಕೈ ಹಾಕಿದಾಗ ಅವ್ವ ಎದ್ದು, ಒಂದು ಜಾಕೆಟ್ಟನ್ನು ಸೀರೆಯ ಮೇಲೆ ತೊಟ್ಟುಕೊಂಡು, ಮಿಷನ್ನಿನ ಮತ್ತು ಒಲೆಯ ನಡುವಿನ ಆ ಇಕ್ಕಟ್ಟಿನಲ್ಲಿ ಕುಣಿದಳು. ಬಾಯಲ್ಲೇ ತಾಳ. ನಾಲ್ಕು ಸುತ್ತು, ಅಷ್ಟೇ. ಉಂಡವನ ಸಾಲ ತೀರಿಸಿದಂತೆ ಮತ್ತೆ ಕೂತಳು. ಕ್ಯಾಮೆರಾ ಗೂಟದಲ್ಲಿತ್ತು. ಅವನ ಕೈಯಲ್ಲಿ ಪಲ್ಯ ಇತ್ತು. ರತ್ನಕ್ಕನನ್ನು ಕೇಳಿದರೆ, ಅಮ್ಮ ಕುಣಿಯಲೇ ಇಲ್ಲ, ಮೂಲೆಯಲ್ಲಿ ಇಲಿ ಕಂಡು ಕಾಲು ಝಾಡಿಸಿದರು ಎನ್ನುತ್ತಾಳೆ. ಇರಬಹುದು. ಅವಳು ಆಗ ನೀರು ತರಲು ಹೊರಗೆ ಹೋಗಿದ್ದಳು ಎಂದು ನಾನು ಹೇಳುತ್ತೇನೆ. ಅದೂ ಇರಬಹುದು.

ಹೊರಡುವಾಗ ಮಾಲೀಕರು ನನ್ನೊಬ್ಬಳನ್ನೇ ಬಾಗಿಲಿಗೆ ಕರೆದರು. ಕೋಪವೇನೂ ಇರಲಿಲ್ಲ. ಕಲ್ಯಾಣದುರ್ಗದಲ್ಲಿ ತಮಗೆ ಇನ್ನೊಂದು ಕೆಲಸವಿದೆ, ಸಂಜೆ ಐದರವರೆಗೂ ಅಲ್ಲೇ ಇರುತ್ತೇವೆ, ಮನಸ್ಸು ಬದಲಾದರೆ ಫೋನ್ ಮಾಡಿ, ತಿರುಗಿ ಬರುತ್ತೇವೆ ಎಂದರು. ಅಮ್ಮ ಬೇಡ, ನೀವೊಬ್ಬರೇ ಆದರೂ ಸಾಕು. ಫೋನ್ ಬರದಿದ್ದರೆ ಆರ್ಡರು ಇಲ್ಲ.

ಐದರವರೆಗಿನ ಆ ಹೊತ್ತು ನನ್ನ ಜೀವನದಲ್ಲೇ ಉದ್ದದ್ದು. ಲಂಗ ಬಿಚ್ಚುವುದೋ ಬೇಡವೋ ತಿಳಿಯದೆ ಕಟ್ಟಿಕೊಂಡೇ ಕೂತಿದ್ದೆ. ರತ್ನಕ್ಕ ಫೋನು ಮಾಡು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಅವ್ವ ಹನ್ನೊಂದನೆಯ ತೇಪೆ ಮುಗಿಸಿದಳು. ನನಗೆ ಸಿಟ್ಟು ಬಂದದ್ದು ಆಗ, ಅದೂ ಮಾಲೀಕರ ಮೇಲಲ್ಲ, ಅವ್ವನ ಮೇಲೆ. ಕಾಳು ಇಡದಿದ್ದರೆ ತೂತಾಗುತ್ತಿರಲಿಲ್ಲ, ತೂತಾಗದಿದ್ದರೆ ನಾನು ಆ ಲಂಗಕ್ಕೆ ಕೈ ಚಾಚುತ್ತಿರಲಿಲ್ಲ ಎಂದು ಲೆಕ್ಕ ಹಾಕಿಕೊಂಡೆ. ಚಾಚುತ್ತಿರಲಿಲ್ಲವೇ? ಹೊಲಿಗೆ ಬಿಚ್ಚುವ ಕೊಕ್ಕೆ ತೆಗೆದುಕೊಂಡು, ಉಳಿದ ಇಪ್ಪತ್ತೊಂಬತ್ತರ ಹೊಟ್ಟೆಯಿಂದಲೂ ಕಾಳು ತೆಗೆದುಬಿಡುತ್ತೇನೆ, ಇಲ್ಲದಿದ್ದರೆ ಇವೂ ಇಲಿಯ ಪಾಲು ಎಂದೆ.

"ತೆಗಿ," ಎಂದಳು ಅವ್ವ. "ನಂದ ತಪ್ಪೈತಿ."

ಮೊದಲನೆಯದರ ಹೊಟ್ಟೆ ಬಿಚ್ಚಿದೆ. ಅವ್ವನ ಹೊಲಿಗೆ ಸುಲಭಕ್ಕೆ ಬಿಡಲಿಲ್ಲ. ನಾಲ್ಕು ಕಾಳು ಅಂಗೈಗೆ ಬಂದವು. ಮುರಿದ ನುಚ್ಚಲ್ಲ, ಆರಿಸಿದ ಇಡಿಯ ಕಾಳು. ನಲವತ್ತಕ್ಕೂ ಹೀಗೆ ಮೊರದಲ್ಲಿ ಕೂತು ಆರಿಸಿರಬೇಕು, ನನಗೆ ಕಾಣದಂತೆ. ಅವನ್ನು ಎಲ್ಲಿ ಎಸೆಯಬೇಕೆಂದು ತಿಳಿಯಲಿಲ್ಲ. ಕಸದ ಬುಟ್ಟಿಗೆ ಕೈ ಹೋಗಲಿಲ್ಲ, ಹೊರಗೆ ಚೆಲ್ಲಲು ಆಗಲಿಲ್ಲ. ಕೈ ಮುಚ್ಚಿಕೊಂಡು ಬಹಳ ಹೊತ್ತು ಕೂತಿದ್ದೆ. ಕೊನೆಗೆ ಅವನ್ನು ಇದ್ದ ಜಾಗದಲ್ಲೇ ಇಟ್ಟು ನಾನೇ ಹೊಲಿದೆ. ನನ್ನ ಹೊಲಿಗೆ ಅವ್ವನದಕ್ಕಿಂತ ಒರಟು.

ಐದು ಹೊಡೆದಾಗ ಯಾರೂ ಗಡಿಯಾರದ ಕಡೆ ನೋಡಲಿಲ್ಲ, ಅಂದರೆ ಮೂವರೂ ನೋಡುತ್ತಿದ್ದೆವು.

"ನಮ್ಮೂರಿಗೆ ತಗೊಂಡೋಗಾನ," ಎಂದಳು ರತ್ನಕ್ಕ. "ಹುಳದ ಮನೆ ಖಾಲಿ ಐತೆ. ಅಲ್ಲಿಗೆ ಇಲಿ ಇರ್ಲಿ, ಇರುವೇನೂ ಬರಾಕಿಲ್ಲ."

ನಾನು ಲಂಗ ಬಿಚ್ಚಿದ್ದು ಆಗ. ಅದರ ದಾರ ಒಳ್ಳೇ ಗಟ್ಟಿ. ಎಳೆ ಎಳೆಯಾಗಿ ಬಿಡಿಸಿ ಜಾಕೆಟ್ಟಿನ ಗಂಟು ಬಿಗಿದೆವು. ಮರುದಿನ ಬೆಳಗ್ಗೆ ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ, ಮಡಕಶಿರಾದಿಂದ ಆಟೊದಲ್ಲಿ ಸಾಮಾನಿನ ಮೇಲೆ ಕೂತು ಅಗಳಿ ದಾಟಿ ಹೋದೆವು.

ರತ್ನಕ್ಕನ ತಾಯಿ ಚೌಡಮ್ಮ ಹುಳದ ಮನೆಯ ಬಾಗಿಲಲ್ಲೇ ನಮ್ಮನ್ನು ನಿಲ್ಲಿಸಿದಳು. ಒಳಗೆ ಸಾಲು ಸಾಲು ತಟ್ಟೆ, ತಟ್ಟೆ ಹೊತ್ತ ಸ್ಟ್ಯಾಂಡು, ಸ್ಟ್ಯಾಂಡಿನ ಒಂದೊಂದು ಕಾಲೂ ನೀರು ತುಂಬುವ ಬಟ್ಟಲಿನಲ್ಲಿ, ಇರುವೆ ಹತ್ತದಂತೆ. ಬಾಗಿಲ ಕೆಳಗೆ ತಗಡು, ಕಿಟಕಿಗೆ ಬಲೆ. ಹುಳದ ಮನೆಗೆ ಹೊರಗಿನವರನ್ನು ಬಿಡುವುದಿಲ್ಲ, ಹುಳಕ್ಕೆ ರೋಗ ಬರುತ್ತದೆಂಬ ಭಯ. ಒಂದು ಸಲ ಸಾಕುವ ಹುಳಕ್ಕೆ ಅವರು ಬೆಳೆ ಎನ್ನುತ್ತಾರೆ, ಬೆಳೆ ಇಟ್ಟಾಗ ಹತ್ತಿರ ಜೋರಾಗಿ ಮಾತೂ ಆಡುವುದಿಲ್ಲವಂತೆ. ಅದರ ಮೇಲೆ ಕರೀ ಬಟ್ಟೆಯ ಗಂಟು, ಕರೀ ಬೋಳುತಲೆಯ ಹೆಣ್ಣು. ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಆ ನೋಟ ನನಗೆ ಹೊಸದಲ್ಲ. ಹಿಂದಕ್ಕೆ ಹೋಗೋಣ ಎಂದು ರತ್ನಕ್ಕನ ತೋಳು ಹಿಡಿದೆ.

"ಇಲಿ ಯಾಕಮ್ಮಿ ಬಟ್ಟೆ ಕಡಿತದೆ? ಅದ್ರಾಗೇನೈತೆ?" ಎಂದು ಚೌಡಮ್ಮ ಮಗಳನ್ನು ಕೇಳಿದಳು.

ರತ್ನಕ್ಕ ಅಕ್ಕಿಯ ವಿಷಯ ಹೇಳಿದಳು. ನಗುತ್ತಾಳೆಂದು ನಾನು ಕಾದೆ. ಮುದುಕಿ ಒಂದು ಜಾಕೆಟ್ಟು ತೆಗೆದುಕೊಂಡು ಬೆನ್ನು ಸವರಿ, ನಡುವೆ ಬೆರಳು ನಿಲ್ಲಿಸಿದಳು. ಜೀವಮಾನವೆಲ್ಲ ದಿನಕ್ಕೆ ನಾಲ್ಕು ಸಲ ಹುಳಕ್ಕೆ ಸೊಪ್ಪು ಹಾಕಿದ ಕೈ.

"ಎಲ್ಲಕ್ಕೂ ಇಕ್ಕಿದ್ದೀರಾ? ಒಂದನ್ನೂ ಬಿಟ್ಟಿಲ್ವಾ?"

ಎಲ್ಲಕ್ಕೂ ಎಂದಳು ಅವ್ವ.

ಮೆಟ್ಟು ಹೊರಗೆ ಬಿಡಿ ಎಂದು ಹೇಳಿ ಚೌಡಮ್ಮ ಒಳಗೆ ಹೋದಳು. ನಾವು ಕೊಡುತ್ತ ಹೋದೆವು, ಅವಳು ಒಂದೊಂದನ್ನೂ ಬೇರೆ ಬೇರೆ ತಟ್ಟೆಯ ಮೇಲೆ ಬೆನ್ನು ಮೇಲಾಗಿ ಮಲಗಿಸುತ್ತ ಹೋದಳು, ತೋಳಿಗೆ ತೋಳು ತಗುಲದಂತೆ. ತೇಪೆ ಹಾಕಿದವನ್ನು ಕೆಳಗಿನ ಸಾಲಿಗೆ, ಕಣ್ಣಿಗೆ ಬೀಳುವ ಕಡೆ. ಬಟ್ಟಲುಗಳಿಗೆ ನೀರು ತುಂಬಿದಳು. ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಬಲೆಗೆ ಮುಖವಿಟ್ಟು ಇಣುಕಿದಳು. ಈ ಮನೆಯಲ್ಲಿ ಈ ಕಾಲದಲ್ಲಿ ಹುಳ ಇರುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ತಟ್ಟೆಗಳನ್ನೂ ನನ್ನನ್ನೂ ಬಹಳ ಹೊತ್ತು ನೋಡಿ, ಇದೇನು ಚೌಡಕ್ಕ, ಯಾರದು ಇದು, ಎಂದಳು.

ಚೌಡಮ್ಮ ತಿರುಗಿ ನೋಡಲಿಲ್ಲ. ಒಂದು ಕಾಲರನ್ನು ನೆಟ್ಟಗೆ ಮಾಡುತ್ತಿದ್ದಳು.

"ಈ ಹುಡ್ಗಿ ಬೆಳೆ ಕಣಮ್ಮ," ಎಂದಳು. "ರಾಯದುರ್ಗದಾಗೆ ಬೆಳ್ದವ್ಳೆ. ಜೋರಾಗಿ ಮಾತಾಡ್ಬೇಡ, ಈಗಷ್ಟೇ ಇಕ್ಕಿದ್ದೀವಿ."